ಕೈದಿ ಯಾರ ಕೈಯಲ್ಲಿ?

2003ರ ಮಾರ್ಚ್ ತಿಂಗಳು. ನಾನಾಗ ಕುವೈತಿನ ಫರ್ವಾನಿಯದಲ್ಲಿದ್ದೆ. ಸಗಟು ವ್ಯಾಪಾರದ ಒಂದು ಕಂಪೆನಿಯಲ್ಲಿ ಲೆಕ್ಕ ಬರೆಯುವ ಕೆಲಸ. ಎರಡು ಕೋಣೆಗಳ ಫ್ಲ್ಯಾಟಿನಲ್ಲಿ ನಾವು ಏಳು ಮಂದಿ. ಐವರು ದಕ್ಷಿಣ ಕನ್ನಡದವರು, ಒಬ್ಬ ಭಟ್ಕಳದವ, ಮತ್ತೊಬ್ಬ ಕಾಸರಗೋಡಿನವ. ಯುದ್ಧ ಇಂದು ಶುರುವಾಗುತ್ತದೆ, ನಾಳೆ ಶುರುವಾಗುತ್ತದೆ ಎಂದು ದಿನ ಎಣಿಸುತ್ತಿದ್ದ ಕಾಲ ಅದು. ಸದ್ದಾಂ ಹುಸೇನ್ ವಿಷಾನಿಲದ ಕ್ಷಿಪಣಿ ಹಾರಿಸಿದರೆ ಏನು ಮಾಡಬೇಕೆಂದು ಟಿವಿಯಲ್ಲಿ ಹೇಳಿಕೊಡುತ್ತಿದ್ದರು. ಮನೆಯ ಒಂದು ಕೋಣೆಯನ್ನು ಆರಿಸಿಕೊಳ್ಳಬೇಕು, ಕಿಟಕಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕು, ಬಾಗಿಲಿನ ಸಂದುಗಳಿಗೆಲ್ಲ ಅಗಲದ ಟೇಪು ಅಂಟಿಸಬೇಕು, ನೀರು ಮತ್ತು ಬ್ರೆಡ್ ಇಟ್ಟುಕೊಂಡು ಒಳಗೆ ಕೂರಬೇಕು. ನಾವೂ ಹಾಗೆಯೇ ಮಾಡಿದೆವು. ಏಳು ಮಂದಿ ಒಂದು ಕೋಣೆಯಲ್ಲಿ ಗಾಳಿಯಿಲ್ಲದೆ ಎಷ್ಟು ಹೊತ್ತು ಬದುಕಬಹುದು ಎಂಬ ಪ್ರಶ್ನೆಯನ್ನು ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಊರಿನಿಂದ ಉಮ್ಮ ದಿನಕ್ಕೆರಡು ಬಾರಿ ಫೋನು ಮಾಡಿಸುತ್ತಿದ್ದರು. ‘ಸಂಬಳ ಹೋದರೆ ಹೋಗಲಿ, ಬಂದು ಬಿಡು ಮೋನೆ’ ಎಂದು ಅವರ ಒಂದೇ ಮಾತು. ಬರುವುದು ಅಷ್ಟು ಸುಲಭವಿರಲಿಲ್ಲ. ಪಾಸ್‌ಪೋರ್ಟು ಕಂಪೆನಿಯವರ ಕೈಯಲ್ಲಿತ್ತು. ತಂಗಿಯ ಮದುವೆಯ ಸಾಲ ತಲೆಯ ಮೇಲಿತ್ತು. ಮಾರ್ಚ್ 20ರಂದು ಯುದ್ಧ ಶುರುವಾಯಿತು. ಸೈರನ್ ಕೂಗಿದಾಗಲೆಲ್ಲ ನಾವು ಆ ಕೋಣೆಗೆ ಓಡುತ್ತಿದ್ದೆವು. 29ರ ರಾತ್ರಿ ಇರಾಕಿನ ಕ್ಷಿಪಣಿಯೊಂದು ಕುವೈತ್ ನಗರದ ಕಡಲ ತಡಿಯ ಸೂಕ್ ಶರ್ಕ್ ಮಾಲ್‌ನ ಬಳಿಗೆ ಬಂದು ಬಿತ್ತು. ಅಂದು ಸೈರನ್ ಕೂಗುವ ಮೊದಲೇ ಸದ್ದು ಕೇಳಿಸಿತ್ತು. ದೇವರ ದಯದಿಂದ ಯಾರೂ ಸಾಯಲಿಲ್ಲ. ಅದರಲ್ಲಿ ವಿಷಾನಿಲವೂ ಇರಲಿಲ್ಲ. ವಿಷಾನಿಲ ಯಾವುದರಲ್ಲೂ ಇರಲಿಲ್ಲ ಎಂಬುದು ಆಮೇಲೆ ಜಗತ್ತಿಗೆಲ್ಲ ಗೊತ್ತಾದ ಸಂಗತಿ.

ಆ ಭಯ ಎಲ್ಲಿಂದ ಹುಟ್ಟಿ ನಮ್ಮ ಕೋಣೆಯ ಕಿಟಕಿಯವರೆಗೆ ಬಂತು ಎಂಬುದನ್ನು ನಾನು ತಿಳಿದದ್ದು ಬಹಳ ತಡವಾಗಿ.

ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಸಚಿವ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಭಾಷಣ ಮಾಡಿದರು. ಕೆಲಸ ಮುಗಿಸಿ ಬಂದವರು ಊಟದ ತಟ್ಟೆ ಹಿಡಿದುಕೊಂಡೇ ಅದನ್ನು ನೋಡಿದೆವು. ಉಪಗ್ರಹದ ಚಿತ್ರಗಳು, ಟೆಲಿಫೋನ್ ಸಂಭಾಷಣೆಗಳು, ಪುಟ್ಟದೊಂದು ಸೀಸೆ. ಇವುಗಳ ನಡುವೆ ಅವರು ಇನ್ನೊಂದು ಮಾತು ಹೇಳಿದರು. ಅಲ್‌ಖಾಯಿದಾದ ಹಿರಿಯನೊಬ್ಬ ಅಮೆರಿಕದ ವಶದಲ್ಲಿದ್ದಾನೆ, ರಾಸಾಯನಿಕ ಮತ್ತು ಜೈವಿಕ ಅಸ್ತ್ರಗಳ ತರಬೇತಿಯನ್ನು ಇರಾಕ್ ತನ್ನ ಸಂಘಟನೆಗೆ ಕೊಟ್ಟದ್ದನ್ನು ಅವನೇ ಹೇಳಿದ್ದಾನೆ ಎಂದು. ನಮ್ಮ ಕೋಣೆಯಲ್ಲಿ ಹೆಚ್ಚಿನವರು ಇದೆಲ್ಲ ಎಣ್ಣೆಗಾಗಿ ಕಟ್ಟಿದ ಕಥೆ ಎಂದರು. ನಾನು ಹಾಗೆನ್ನಲಿಲ್ಲ. ಚಿತ್ರಗಳನ್ನು ನಂಬದಿದ್ದರೂ ಕೈದಿಯ ಮಾತನ್ನು ನಂಬಿದೆ. ಒಳಗಿನವನೇ ಹೇಳಿದ ಮೇಲೆ ಸುಳ್ಳು ಹೇಗಾದೀತು ಎಂದು ವಾದಿಸಿದೆ. ದಿನವಿಡೀ ವೋಚರ್ ಇಲ್ಲದೆ ಒಂದು ಫಿಲ್ಸ್ ಖರ್ಚನ್ನೂ ಒಪ್ಪಿಕೊಳ್ಳದ ನಾನು ಆ ಮಾತಿಗೆ ವೋಚರ್ ಕೇಳಲಿಲ್ಲ.

ಆ ಕೈದಿಯ ಹೆಸರು ಇಬ್ನ್ ಅಲ್ ಶೈಖ್ ಅಲ್ ಲಿಬಿ. ಲಿಬಿಯಾದವನು. ಅಫ್ಘಾನಿಸ್ತಾನದ ಖಲ್ದಾನ್ ಎಂಬಲ್ಲಿ ತರಬೇತಿ ಶಿಬಿರ ನಡೆಸುತ್ತಿದ್ದ. ಅವನನ್ನು ನಿರಪರಾಧಿ ಎಂದು ನಾನು ಹೇಳಲು ಹೊರಟಿಲ್ಲ. 2001ರ ಕೊನೆಗೆ ಅಫ್ಘಾನಿಸ್ತಾನದಿಂದ ಓಡಿಹೋಗುವಾಗ ಪಾಕಿಸ್ತಾನದವರ ಕೈಗೆ ಸಿಕ್ಕಿಬಿದ್ದ. ಅವರು ಅವನನ್ನು ಅಮೆರಿಕದ ಸೇನೆಗೆ ಒಪ್ಪಿಸಿದರು. ಸೇನೆಯ ವಶದಲ್ಲಿದ್ದ ಅವನನ್ನು ಬಗ್ರಾಮ್‌ನಲ್ಲಿ ಮೊದಲು ವಿಚಾರಿಸಿದವರು ಎಫ್‌ಬಿಐನವರು. ನ್ಯೂಯಾರ್ಕಿನಲ್ಲಿದ್ದ ಹಿರಿಯ ಅಧಿಕಾರಿ ಜ್ಯಾಕ್ ಕ್ಲೂನನ್ ತಮ್ಮವರಿಗೆ ಒಂದು ಸೂಚನೆ ಕೊಟ್ಟಿದ್ದರು. ನಮ್ಮ ಕಚೇರಿಯಲ್ಲಿ ಕೂತು ವಿಚಾರಿಸುವ ಹಾಗೆಯೇ ವಿಚಾರಿಸಿ, ಅವನ ಹಕ್ಕುಗಳನ್ನು ಅವನಿಗೆ ಓದಿ ಹೇಳಿ ಎಂದು. ಕೈದಿ ಮಾತಾಡತೊಡಗಿದ್ದ, ಉಪಯೋಗದ ವಿಷಯಗಳನ್ನೇ ಹೇಳುತ್ತಿದ್ದ ಎಂದು ಆ ಅಧಿಕಾರಿಗಳು ಆಮೇಲೆ ಹೇಳಿದ್ದಾರೆ.

ಆದರೆ ಸಿಐಎಗೆ ಇದು ಸಾಲದಾಯಿತು. ಅವನು ಇನ್ನೂ ಏನನ್ನೋ ಮುಚ್ಚಿಡುತ್ತಿದ್ದಾನೆ, ನಮಗೆ ಕೊಡಿ ಎಂದು ಕೇಳಿತು. ಕೈದಿ ಯಾರ ಪಾಲಿಗೆ ಎಂಬ ಜಗಳ ವಾಷಿಂಗ್ಟನ್ನಿಗೆ ಹೋಯಿತು. ಗೆದ್ದದ್ದು ಸಿಐಎ. ಮುಂದೆ ನಡೆದದ್ದನ್ನು ಕ್ಲೂನನ್ ಪತ್ರಕರ್ತರಿಗೆ ಹೇಳಿದ್ದಾರೆ. ಎಫ್‌ಬಿಐನವರು ನೋಡನೋಡುತ್ತಿದ್ದಂತೆ ಸಿಐಎಯವನೊಬ್ಬ ಒಳನುಗ್ಗಿದ. ನಿನ್ನನ್ನು ಕೈರೋಕ್ಕೆ ಕಳಿಸುತ್ತೇವೆ ಎಂದ. ಕೈದಿಯ ತಾಯಿಯ ಬಗ್ಗೆ ಬರೆಯಬಾರದ ಮಾತೊಂದನ್ನು ಆಡಿದ. ಬಾಯಿಗೆ ಟೇಪು ಸುತ್ತಿ ಎತ್ತಿಕೊಂಡು ಹೋದರು. ಟೇಪಿನ ಸಂಗತಿ ಓದಿದಾಗ ಫರ್ವಾನಿಯದ ಆ ಕಿಟಕಿ ನೆನಪಾಗಿ ಪುಸ್ತಕ ಕೆಳಗಿಟ್ಟೆ.

ಈಜಿಪ್ಟಿನಲ್ಲಿ ಏನಾಯಿತೆಂಬುದು ಅಮೆರಿಕದ ಸೆನೆಟ್ ಸಮಿತಿಯ 2006ರ ವರದಿಯಲ್ಲಿದೆ. ಇರಾಕಿಗೂ ನಿಮಗೂ ಏನು ಸಂಬಂಧ ಎಂದು ಕೇಳಿದರು. ಅವನಿಗೆ ಗೊತ್ತಿರಲಿಲ್ಲ. ಕಟ್ಟುಕಥೆ ಹೇಳೋಣವೆಂದರೂ ಹೊಳೆಯಲಿಲ್ಲ. ಸುಮಾರು ಐವತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಪೆಟ್ಟಿಗೆಯೊಳಗೆ ಅವನನ್ನು ಹದಿನೇಳು ಗಂಟೆ ತುರುಕಿಟ್ಟರು. ಹೊರಗೆ ತೆಗೆದು ಮತ್ತೆ ಕೇಳಿದರು. ಉತ್ತರ ಹಿಡಿಸಲಿಲ್ಲ. ನೆಲಕ್ಕೆ ಕೆಡವಿ ಹದಿನೈದು ನಿಮಿಷ ಗುದ್ದಿದರು. ಆಗ ಅವನಿಗೆ ಕಥೆ ಹೊಳೆಯಿತು. ತನಗೆ ಗೊತ್ತಿದ್ದ ನಿಜವಾದ ಮೂವರ ಹೆಸರು ಹೇಳಿ, ಅವರು ಇರಾಕಿಗೆ ಹೋಗಿ ಅಣ್ವಸ್ತ್ರದ ಬಗ್ಗೆ ಕಲಿತು ಬಂದರು ಎಂದ. ಹೊಡೆತ ನಿಂತಿತು, ಊಟ ಬಂತು. ಆಮೇಲೆ ಜೈವಿಕ ಅಸ್ತ್ರದ ಬಗ್ಗೆ ಕೇಳಿದರು. ಅದರ ಗಂಧಗಾಳಿಯೂ ಅವನಿಗಿರಲಿಲ್ಲ. ಮತ್ತೆ ಹೊಡೆದರು.

ಇಲ್ಲಿ ಮೂರನೆಯದೊಂದು ಸಂಸ್ಥೆ ಬರುತ್ತದೆ. ಅಮೆರಿಕದ ಸೇನಾ ಗುಪ್ತಚರ ಸಂಸ್ಥೆ ಡಿಐಎ. ಅದು 2002ರ ಫೆಬ್ರವರಿಯಲ್ಲೇ ಒಂದು ಟಿಪ್ಪಣಿ ಬರೆದಿತ್ತು. ಈ ಕೈದಿಯ ಮಾತಿನಲ್ಲಿ ಯಾವ ವಿವರವೂ ಇಲ್ಲ, ವಿಚಾರಿಸುವವರನ್ನು ಬೇಕೆಂದೇ ದಾರಿ ತಪ್ಪಿಸುತ್ತಿರುವ ಸಾಧ್ಯತೆಯಿದೆ ಎಂದು. ಆ ಟಿಪ್ಪಣಿಯ ಭಾಗಗಳು ಜನರ ಕಣ್ಣಿಗೆ ಬಿದ್ದದ್ದು 2005ರ ನವೆಂಬರಿನಲ್ಲಿ, ಸೆನೆಟರ್ ಕಾರ್ಲ್ ಲೆವಿನ್ ಅದನ್ನು ಬಹಿರಂಗಪಡಿಸಿದಾಗ. ಅಷ್ಟರಲ್ಲಿ ಕೈದಿಯ ಮಾತು ಎಲ್ಲೆಲ್ಲೋ ಹೋಗಿ ಬಂದಿತ್ತು. 2002ರ ಅಕ್ಟೋಬರ್ 7ರಂದು ಅಧ್ಯಕ್ಷ ಬುಷ್ ಸಿನ್ಸಿನಾಟಿಯ ಭಾಷಣದಲ್ಲಿ ಅದನ್ನು ಬಳಸಿದ್ದರು. ನಾಲ್ಕು ತಿಂಗಳ ನಂತರ ಪೊವೆಲ್ ಬಳಸಿದರು. 2004ರ ಆರಂಭದಲ್ಲಿ, ಸಿಐಎಯ ವಶಕ್ಕೆ ಮರಳಿದ್ದ ಅಲ್ ಲಿಬಿ ತಾನು ಹೇಳಿದ್ದೆಲ್ಲ ಸುಳ್ಳು ಎಂದ. ಸಿಐಎ ಆ ವರದಿಗಳನ್ನು ಹಿಂತೆಗೆದುಕೊಂಡಿತು. ಇರಾಕಿನಲ್ಲಿ ಅಷ್ಟರಲ್ಲಿ ಸತ್ತವರನ್ನು ಯಾರು ಹಿಂದಕ್ಕೆ ಪಡೆಯುವುದು?

ಸಿಐಎಯ ಮುಖ್ಯಸ್ಥರಾಗಿದ್ದ ಜಾರ್ಜ್ ಟೆನೆಟ್ 2007ರ ತಮ್ಮ ಪುಸ್ತಕದಲ್ಲಿ, ಕೈದಿ ಮಾಹಿತಿ ಬಚ್ಚಿಡುತ್ತಿದ್ದಾನೆಂದು ನಂಬಿದ್ದರಿಂದ ಮೂರನೆಯ ದೇಶಕ್ಕೆ ಕಳಿಸಿದೆವು ಎಂದು ಬರೆದಿದ್ದಾರೆ. ಅವರು ಸುಳ್ಳು ಬರೆದಿದ್ದಾರೆಂದು ನನಗನಿಸುವುದಿಲ್ಲ. ಹಾಗೆ ನಂಬಿಯೇ ಇರಬಹುದು. ಎದುರಿಗಿರುವವನಲ್ಲಿ ಗುಟ್ಟು ಇದೆ ಎಂದು ಒಮ್ಮೆ ನಿರ್ಧರಿಸಿದ ಮೇಲೆ ‘ಗೊತ್ತಿಲ್ಲ’ ಎಂಬ ಉತ್ತರಕ್ಕೆ ಬೆಲೆಯಿಲ್ಲ.

ಈ ಎರಡು ಸಂಸ್ಥೆಗಳ ಜಗಳ ಕೇವಲ ಹೊಟ್ಟೆಕಿಚ್ಚಿನದ್ದಲ್ಲ. ಕಸುಬೇ ಬೇರೆ. ಎಫ್‌ಬಿಐ ಪೊಲೀಸರ ಜಾತಿಗೆ ಸೇರಿದ್ದು. ಅದರ ಕೆಲಸ ಕೊನೆಗೊಂದು ದಿನ ನ್ಯಾಯಾಲಯದ ಮುಂದೆ ನಿಲ್ಲಬೇಕು. ವಕೀಲ ಪಾಟಿ ಸವಾಲು ಮಾಡುತ್ತಾನೆ, ನ್ಯಾಯಾಧೀಶ ಪ್ರಶ್ನೆ ಕೇಳುತ್ತಾನೆ ಎಂಬ ಭಯ ಅದಕ್ಕಿರುತ್ತದೆ. ಸಿಐಎಯ ಕೆಲಸ ಕಡತದೊಳಗೆ ಹುಟ್ಟಿ ಕಡತದೊಳಗೇ ಮುಗಿಯುತ್ತದೆ. ಹೀಗಾಗಿ ಒಬ್ಬರು ಇನ್ನೊಬ್ಬರನ್ನು ನಂಬುವುದಿಲ್ಲ. ಸೆಪ್ಟೆಂಬರ್ 11ಕ್ಕಿಂತ ಮೊದಲೇ ಇದರ ಬೆಲೆ ತೆರಬೇಕಾಗಿ ಬಂದಿತ್ತು. 2000ದ ಜನವರಿಯಲ್ಲಿ ಕೌಲಾಲಂಪುರದಲ್ಲಿ ಅಲ್‌ಖಾಯಿದಾದವರು ಸೇರಿದ್ದನ್ನು ಸಿಐಎ ಬಲ್ಲದು. ಅಲ್ಲಿದ್ದ ಇಬ್ಬರು ಅಮೆರಿಕಕ್ಕೆ ಬಂದು ನೆಲೆಸಿದರು. ಅವರನ್ನು ಹುಡುಕುವ ಕೆಲಸ ಎಫ್‌ಬಿಐ ಕೈಗೆ ಬಂದದ್ದು 2001ರ ಆಗಸ್ಟ್ ಕೊನೆಗೆ. ಸೆಪ್ಟೆಂಬರ್ 11ರಂದು ಪೆಂಟಗನ್ನಿಗೆ ಬಡಿದ ವಿಮಾನದಲ್ಲಿ ಅವರಿಬ್ಬರೂ ಇದ್ದರು. ಅಷ್ಟಾದ ಮೇಲೂ ಪಾಠ ಕಲಿಯಲಿಲ್ಲ. ಮೊದಲು ಕಾಗದಕ್ಕಾಗಿ ನಡೆಯುತ್ತಿದ್ದ ಜಗಳ ಆಮೇಲೆ ಮನುಷ್ಯರಿಗಾಗಿ ನಡೆಯತೊಡಗಿತು.

ಅಲಿ ಸೂಫಾನ್ ಎಂಬ ಎಫ್‌ಬಿಐ ಅಧಿಕಾರಿಯ ಬಗ್ಗೆ ನಮ್ಮ ಓದುಗರಲ್ಲಿ ಕೆಲವರು ಕೇಳಿರಬಹುದು. ಲೆಬನಾನ್‌ನಲ್ಲಿ ಹುಟ್ಟಿದ ಅಮೆರಿಕನ್ ಮುಸ್ಲಿಮ್. ಅರಬಿ ಅವರ ಮನೆಮಾತು. ಸೆಪ್ಟೆಂಬರ್ 11ರ ಬೆನ್ನಿಗೇ ಯೆಮನ್‌ನ ಜೈಲಿನಲ್ಲಿ ಬಿನ್ ಲಾದೆನ್‌ನ ಹಳೆಯ ಅಂಗರಕ್ಷಕ ಅಬು ಜಂದಲ್ ಎಂಬವನನ್ನು ಅವರು ವಿಚಾರಿಸಿದರು. ಅವನು ಸಿಟ್ಟಿನಿಂದ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಚಹಾದ ಜೊತೆ ಇಟ್ಟ ಬಿಸ್ಕತ್ತನ್ನು ಮುಟ್ಟುತ್ತಿರಲಿಲ್ಲ. ಅವನಿಗೆ ಸಕ್ಕರೆ ಕಾಯಿಲೆ ಇದೆ ಎಂಬುದನ್ನು ಗಮನಿಸಿದ ಸೂಫಾನ್ ತಂಡ ಮರುದಿನ ಸಕ್ಕರೆ ಹಾಕದ ಬಿಸ್ಕತ್ತು ತಂದಿಟ್ಟಿತು. ಅಲ್ಲಿಂದ ಅವನ ಗಂಟು ಸಡಿಲವಾಯಿತು. ವಿಮಾನ ಅಪಹರಿಸಿದವರಲ್ಲಿ ಏಳು ಮಂದಿಯನ್ನು ಫೋಟೋ ನೋಡಿ ಗುರುತಿಸಿದ.

2002ರ ಮಾರ್ಚಿನಲ್ಲಿ ಫೈಸಲಾಬಾದಿನಲ್ಲಿ ಅಬು ಝುಬೈದಾ ಗುಂಡೇಟು ತಿಂದು ಸಿಕ್ಕಿಬಿದ್ದಾಗಲೂ ಥಾಯ್ಲೆಂಡಿನ ಗುಪ್ತ ಸೆರೆಮನೆಯಲ್ಲಿ ಅವನನ್ನು ಮೊದಲು ವಿಚಾರಿಸಿದವರು ಸೂಫಾನ್ ಮತ್ತು ಅವರ ಸಂಗಡಿಗ. ಸಾಯುವ ಸ್ಥಿತಿಯಲ್ಲಿದ್ದವನ ತುಟಿಗೆ ಮಂಜುಗಡ್ಡೆ ಒತ್ತಿ ಉಪಚರಿಸಿದರು. ಸೆಪ್ಟೆಂಬರ್ 11ರ ಸೂತ್ರಧಾರ ಖಾಲಿದ್ ಶೇಖ್ ಮುಹಮ್ಮದ್ ಎಂಬುದು ಆ ಮಾತುಕತೆಯಲ್ಲಿ ಹೊರಬಂತು. ಅಷ್ಟರಲ್ಲಿ ಸಿಐಎ ಗುತ್ತಿಗೆಗೆ ತೆಗೆದುಕೊಂಡ ಮನಶ್ಶಾಸ್ತ್ರಜ್ಞರ ಸವಾರಿ ಬಂತು. ಕೈದಿಯನ್ನು ಬೆತ್ತಲೆ ಮಾಡುವುದು, ನಿದ್ದೆ ಕೆಡಿಸುವುದು ಶುರುವಾಯಿತು. ಸೂಫಾನ್ ಪ್ರತಿಭಟಿಸಿದರು. ಎಫ್‌ಬಿಐ ತನ್ನವರನ್ನು ವಾಪಸು ಕರೆಸಿಕೊಂಡಿತು. ಆಗಸ್ಟಿನಲ್ಲಿ ಅಬು ಝುಬೈದಾನನ್ನು 83 ಬಾರಿ ನೀರಿನಲ್ಲಿ ಉಸಿರುಗಟ್ಟಿಸಿದರು. ಇಪ್ಪತ್ತು ವರ್ಷ ಕಳೆದರೂ ಅವನ ಮೇಲೆ ಒಂದು ಆರೋಪಪಟ್ಟಿಯೂ ಬರಲಿಲ್ಲ. ಸೂಫಾನ್ 2011ರಲ್ಲಿ ಪುಸ್ತಕ ಬರೆದಾಗ ಸಿಐಎ ಅದರಲ್ಲಿ ಎಷ್ಟೋ ಸಾಲುಗಳಿಗೆ ಮಸಿ ಬಳಿಯಿತು. ಆ ಅಧ್ಯಾಯದಲ್ಲಿ ‘ನಾನು’ ಎಂಬ ಪದಕ್ಕೂ ಮಸಿ. ಕಣ್ಣಾರೆ ಕಂಡವನು ಅಲ್ಲಿದ್ದೆ ಎಂದು ಹೇಳುವ ಹಾಗಿಲ್ಲ. ಮಸಿ ತೆಗೆದ ಪ್ರತಿ ಹೊರಬರಲು 2020 ಆಗಬೇಕಾಯಿತು.

ಹಾಗೆಂದು ಎಫ್‌ಬಿಐಯನ್ನು ಸಂತರ ಕೂಟವೆಂದು ನಾನು ಹೊಗಳುತ್ತಿಲ್ಲ. ಸೆಪ್ಟೆಂಬರ್ 11ರ ನಂತರ ಅದೇ ಎಫ್‌ಬಿಐಯ ತನಿಖೆಯಲ್ಲಿ 762 ಮಂದಿ ವಲಸೆಗಾರರು ಸೆರೆಮನೆ ಸೇರಿದರು. ಹೆಚ್ಚಿನವರು ಮುಸ್ಲಿಮರು, ವೀಸಾದ ಅವಧಿ ಮೀರಿದ್ದೇ ಹಲವರ ದೊಡ್ಡ ತಪ್ಪು. ಗ್ವಾಂಟನಾಮೋದಲ್ಲಿ ಕಂಡದ್ದನ್ನು ಬರೆದಿಡಲು ಎಫ್‌ಬಿಐನವರು ‘ಯುದ್ಧಾಪರಾಧಗಳ ಕಡತ’ ಎಂದೇ ಒಂದನ್ನು ತೆರೆದಿದ್ದರು. ಅದನ್ನು ಮುಚ್ಚಿಬಿಡಿ ಎಂದು ಮೇಲಿನಿಂದ ಅಪ್ಪಣೆಯಾಯಿತು, ಮುಚ್ಚಿದರು. ಇದು ಅಮೆರಿಕದ ನ್ಯಾಯ ಇಲಾಖೆಯದೇ 2008ರ ವರದಿಯಲ್ಲಿದೆ. ಜಗಳವಾಡಿದವರು ಕೈದಿಯ ಮೇಲಿನ ಕರುಣೆಯಿಂದ ಜಗಳವಾಡಿದರೆಂದು ತಿಳಿಯಬೇಕಾಗಿಲ್ಲ. ಕೆಲವರು ಹಾಗೆ ಮಾಡಿದರು, ಅಷ್ಟೇ.

ಇಷ್ಟನ್ನೂ ಓದಿ ದೂರದ ದೇಶದ ಕಥೆ ಎಂದು ಮಡಚಿಡಬಹುದಿತ್ತು. ಆದರೆ ನಮ್ಮ ಮನೆಯಲ್ಲೇ ಒಂದು ಘಟನೆ ನಡೆಯಿತು.

ನಾನು ಕುವೈತ್ ಬಿಟ್ಟು ಊರಿಗೆ ಬಂದು ಎರಡು ವರ್ಷವಾಗಿತ್ತು. ಅಕ್ಕನ ಮಗ, ಆಗ ಅವನಿಗೆ ಹತ್ತೊಂಬತ್ತು, ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಪೇಟೆಯಲ್ಲಿ ಎರಡು ಅಂಗಡಿಗಳ ಶಟರ್ ಮುರಿದು ಕಳ್ಳತನವಾಯಿತು. ವಿಚಾರಣೆಗೆಂದು ಠಾಣೆಯವರು ಅವನನ್ನು ಕರೆದುಕೊಂಡು ಹೋದರು. ಸಂಜೆ ನಾವು ಹೋಗಿ ಕೇಳಿದರೆ ‘ಇಲ್ಲಿಲ್ಲ, ವಿಶೇಷ ತಂಡದವರು ಕರೆದುಕೊಂಡು ಹೋದರು’ ಎಂದರು. ವಿಶೇಷ ತಂಡದವರಲ್ಲಿ ಹೋದರೆ ‘ನಮ್ಮಲ್ಲಿ ಯಾರೂ ಇಲ್ಲ, ಠಾಣೆಯಲ್ಲಿ ಕೇಳಿ’ ಎಂದರು. ಎರಡು ಕಚೇರಿಗಳ ನಡುವೆ ಎರಡು ದಿನ ಅಲೆದೆವು. ಅಕ್ಕ ಒಂದು ಬಾಟಲಿಯಲ್ಲಿ ನೀರು, ಒಂದು ಪೊಟ್ಟಣದಲ್ಲಿ ಪತ್ತಿರಿ ಹಿಡಿದುಕೊಂಡೇ ಜೊತೆಗೆ ಬರುತ್ತಿದ್ದಳು. ಕೊಡುವುದಕ್ಕೆ ಮಗ ಎಲ್ಲಿದ್ದಾನೆಂದು ಗೊತ್ತಿರಲಿಲ್ಲ.

ಮೂರನೆಯ ದಿನ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿದರು. ಎರಡೂ ಕಳ್ಳತನ ಒಪ್ಪಿಕೊಂಡಿದ್ದಾನೆ ಎಂದು ಕಾಗದದಲ್ಲಿತ್ತು. ಎರಡನೆಯ ಕಳ್ಳತನ ನಡೆದ ರಾತ್ರಿ ಅಕ್ಕನಿಗೆ ಅಪೆಂಡಿಕ್ಸ್ ಆಪರೇಷನ್ ಆಗಿ, ಅವನು ಬೆಳಗಿನವರೆಗೆ ಆಸ್ಪತ್ರೆಯಲ್ಲಿ ಅವಳ ಮಂಚದ ಪಕ್ಕದಲ್ಲಿ ಕೂತಿದ್ದ. ನಾನೇ ರಾತ್ರಿ ಊಟ ಕೊಟ್ಟು ಬಂದಿದ್ದೆ. ನಮ್ಮ ವಕೀಲರು ಆಸ್ಪತ್ರೆಯ ಕಾಗದಗಳನ್ನು ತೋರಿಸಿದರು. ಜಾಮೀನು ಸಿಕ್ಕಿತು. ಮುಂದೆ ಆರೋಪಪಟ್ಟಿಯಲ್ಲಿ ಅವನ ಹೆಸರು ಇರಲಿಲ್ಲ. ಮನೆಗೆ ಬಂದ ಮೇಲೆ ನಾನು ಅವನಲ್ಲಿ ಸ್ವಲ್ಪ ಸಿಟ್ಟಿನಿಂದಲೇ ಕೇಳಿದೆ, ಮಾಡದ್ದನ್ನು ಯಾಕೆ ಒಪ್ಪಿಕೊಂಡೆ ಎಂದು. ಅವನು ನೆಲ ನೋಡುತ್ತಾ ಹೇಳಿದ: ‘ಮಾಮ, ಮೊದಲ ದಿನ ನಾನು ಏನೂ ಒಪ್ಪಿರಲಿಲ್ಲ. ಎರಡನೆಯವರು ಬಂದ ಮೇಲೆ ಅವರಿಗೆ ಏನು ಬೇಕು ಅಂತ ತಿಳಿಯುವುದೇ ಕಷ್ಟವಾಯಿತು. ತಿಳಿದ ಕೂಡಲೇ ಅದನ್ನೇ ಹೇಳಿದೆ.’

ಈಜಿಪ್ಟಿನ ಪೆಟ್ಟಿಗೆಯ ಸಂಗತಿಯನ್ನು ನಾನು ಸರಿಯಾಗಿ ಅರ್ಥ ಮಾಡಿಕೊಂಡದ್ದು ಆ ದಿನ.

ನಮ್ಮ ನೆರೆಯಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರಿದ್ದರು. ಒಳ್ಳೆಯ ಮನುಷ್ಯ. ಜಾಮೀನಿಗೆ ಆಧಾರ ಕೊಡಲು ಅವರೇ ಒಬ್ಬರನ್ನು ಹುಡುಕಿಕೊಟ್ಟಿದ್ದರು. ಒಂದು ಸಂಜೆ ಜಗಲಿಯಲ್ಲಿ ಕೂತು ಹೇಳಿದರು: ‘ಎರಡು ತಂಡಕ್ಕೂ ಬೇಕಾದದ್ದು ಒಂದೇ ಕೇಸು ಮಾರಾಯ್ರೆ. ಪತ್ತೆ ಹಚ್ಚಿದ್ದು ಯಾರು ಅಂತ ಮೇಲಿನವರು ಕೇಳ್ತಾರೆ. ಮೊದಲು ಬಾಯಿ ಬಿಡಿಸಿದವನಿಗೆ ಹೆಸರು. ಹುಡುಗ ಇಬ್ಬರ ಮಧ್ಯೆ ಸಿಕ್ಕಿಕೊಂಡದ್ದು.’ ಸ್ವಲ್ಪ ಹೊತ್ತು ಬಿಟ್ಟು, ‘ನಾವೂ ಹಾಗೆ ಮಾಡಿದ್ದುಂಟು’ ಎಂದರು. ನಾನು ಮತ್ತೇನೂ ಕೇಳಲಿಲ್ಲ.

ನನ್ನ ಅಳಿಯನನ್ನು ಉಳಿಸಿದ್ದು ಯಾರ ಕರುಣೆಯೂ ಅಲ್ಲ. ಒಂದು ಹಳೆಯ ಕಾನೂನು. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು 1872ರ ಸಾಕ್ಷ್ಯ ಅಧಿನಿಯಮದ 25ನೇ ಸೆಕ್ಷನ್ ಹೇಳುತ್ತಿತ್ತು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ಅಧಿನಿಯಮದಲ್ಲೂ 23ನೇ ಸೆಕ್ಷನ್ನಾಗಿ ಅದು ಉಳಿದುಕೊಂಡಿದೆ. ನಮ್ಮನ್ನು ಆಳಿದ ಬ್ರಿಟಿಷರೇ ತಮ್ಮ ಪೊಲೀಸರು ಬಾಯಿ ಬಿಡಿಸಿದ ಮಾತನ್ನು ನಂಬಲಿಲ್ಲ ಎಂಬುದನ್ನು ಗಮನಿಸಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು ಎಂಬುದು ಸಂವಿಧಾನದ 22ನೇ ವಿಧಿ. ನಮ್ಮ ಹುಡುಗನ ವಿಷಯದಲ್ಲಿ ಅದು ಮುರಿಯಿತು, ನಿಜ. ಆದರೂ ಮೂರನೆಯ ದಿನ ಒಬ್ಬ ಮ್ಯಾಜಿಸ್ಟ್ರೇಟ್ ಇದ್ದರು, ಆಸ್ಪತ್ರೆಯ ಕಾಗದ ತೋರಿಸಲು ಒಂದು ಮೇಜು ಇತ್ತು. ಅಲ್ ಲಿಬಿಗೆ ಆ ಮೇಜು ಇರಲಿಲ್ಲ. ಸೆರೆಸಿಕ್ಕ ಸೈನಿಕ ತನ್ನ ಹೆಸರು, ಹುದ್ದೆ, ಹುಟ್ಟಿದ ದಿನ, ಸೇನಾ ಸಂಖ್ಯೆ ಹೇಳಿದರೆ ಸಾಕು ಎನ್ನುತ್ತದೆ 1949ರ ಜಿನೀವಾ ಒಪ್ಪಂದ. ಅಂಥವರು ಯುದ್ಧಕೈದಿಗಳಲ್ಲ ಎಂದು ಅಧ್ಯಕ್ಷ ಬುಷ್ 2002ರ ಫೆಬ್ರವರಿ 7ರಂದು ಸಹಿ ಹಾಕಿದರು. ಅತ್ತ ಸೈನಿಕನೂ ಅಲ್ಲ, ಇತ್ತ ಆರೋಪಿಯೂ ಅಲ್ಲ. ಯಾರ ಲೆಕ್ಕದ ಪುಸ್ತಕದಲ್ಲೂ ಹೆಸರಿಲ್ಲದವನನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದು.

ಅದರ ಫಲವನ್ನು ಅಮೆರಿಕವೂ ಉಣ್ಣುತ್ತಿದೆ. 2000ದ ಅಕ್ಟೋಬರಿನಲ್ಲಿ ಏಡನ್ ಬಂದರಿನಲ್ಲಿ ‘ಕೋಲ್’ ಯುದ್ಧನೌಕೆಯ 17 ನಾವಿಕರನ್ನು ಕೊಂದ ಪ್ರಕರಣದ ಮುಖ್ಯ ಆರೋಪಿ ಅಲ್ ನಶಿರಿ. ಸಿಐಎ ಅವನನ್ನು ನಾಲ್ಕು ವರ್ಷ ಹಿಂಸಿಸಿದ ಮೇಲೆ, 2007ರಲ್ಲಿ ಬೇರೆ ಅಧಿಕಾರಿಗಳ ‘ಶುದ್ಧ’ ತಂಡವೊಂದು ಹೋಗಿ ಸೌಜನ್ಯದಿಂದ ತಪ್ಪೊಪ್ಪಿಗೆ ಪಡೆಯಿತು. ಹಿಂದಿನ ಹಿಂಸೆಯ ಭಯ ಈ ಮಾತಿನಲ್ಲೂ ಇದೆ ಎಂದು 2023ರ ಆಗಸ್ಟಿನಲ್ಲಿ ಸೇನಾ ನ್ಯಾಯಾಧೀಶರೇ ಅದನ್ನು ತಳ್ಳಿಹಾಕಿದರು. ಸತ್ತ ನಾವಿಕರ ತಂದೆ ತಾಯಂದಿರಲ್ಲಿ ಎಷ್ಟೋ ಮಂದಿ ತೀರ್ಪು ಕಾಣದೆಯೇ ತೀರಿಹೋದರು. ನ್ಯಾಯ ತಪ್ಪಿದ್ದು ಕೈದಿಗಳಿಗೆ ಮಾತ್ರವಲ್ಲ.

ಅಲ್ ಲಿಬಿಯನ್ನು ಕೊನೆಗೆ ಗದ್ದಾಫಿಯ ಲಿಬಿಯಾಕ್ಕೆ ಒಪ್ಪಿಸಿದರು. 2009ರ ಏಪ್ರಿಲ್ ಕೊನೆಗೆ ಹ್ಯೂಮನ್ ರೈಟ್ಸ್ ವಾಚ್‌ನವರು ಟ್ರಿಪೋಲಿಯ ಅಬು ಸಲೀಮ್ ಜೈಲಿನಲ್ಲಿ ಅವನನ್ನು ಕಂಡರು. ಅಮೆರಿಕದ ಸೆರೆಮನೆಗಳಲ್ಲಿ ನನ್ನನ್ನು ಹಿಂಸಿಸುವಾಗ ನೀವೆಲ್ಲಿದ್ದಿರಿ ಎಂದು ಕೇಳಿ ಎದ್ದುಹೋದ. ಎರಡು ವಾರ ಕಳೆಯುವಷ್ಟರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡನೆಂದು ಸುದ್ದಿ ಬಂತು. ಅದೇ ಮೇ ತಿಂಗಳಲ್ಲಿ ಅಲಿ ಸೂಫಾನ್ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಮುಖ ಕಾಣದಂತೆ ಪರದೆಯ ಹಿಂದೆ ಕೂತು ಸಾಕ್ಷ್ಯ ನುಡಿದರು. ಪೊವೆಲ್ 2005ರಲ್ಲೇ ವಿಶ್ವಸಂಸ್ಥೆಯ ತಮ್ಮ ಭಾಷಣವನ್ನು ಬದುಕಿನ ಒಂದು ಕಳಂಕವೆಂದು ಒಪ್ಪಿಕೊಂಡಿದ್ದರು. 2021ರಲ್ಲಿ ಅವರೂ ತೀರಿಕೊಂಡರು. ಗ್ವಾಂಟನಾಮೋಕ್ಕೆ ಒಟ್ಟು 780 ಮಂದಿಯನ್ನು ಒಯ್ದಿದ್ದರು. 2025ರ ಜನವರಿಯಲ್ಲಿ ಅಲ್ಲಿ 15 ಮಂದಿ ಉಳಿದಿದ್ದರು.

ನನ್ನ ಅಳಿಯ ಈಗ ದುಬೈಯಲ್ಲಿದ್ದಾನೆ, ಸ್ವಂತ ಅಂಗಡಿ ಇದೆ. ಊರಿಗೆ ಬಂದಾಗ ಠಾಣೆಯ ಮುಂದಿನ ರಸ್ತೆಯಲ್ಲಿ ಹೋಗುವುದಿಲ್ಲ, ಸುತ್ತು ಬಳಸಿ ಬರುತ್ತಾನೆ. ನಾವು ಯಾರೂ ಅದರ ಬಗ್ಗೆ ಮಾತಾಡುವುದಿಲ್ಲ.

ನಾನು ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಪತ್ರಿಕೆಯಲ್ಲಿ ‘ವಿಚಾರಣೆ ವೇಳೆ ಆರೋಪಿ ಬಾಯಿಬಿಟ್ಟಿದ್ದಾನೆ’ ಎಂಬ ಸಾಲು ಕಂಡರೆ, ಅವನು ಯಾವ ಸಮುದಾಯದವನೇ ಇರಲಿ, ಅಲ್ಲಿ ನಿಲ್ಲುತ್ತೇನೆ. ಅವನು ಯಾರ ವಶದಲ್ಲಿದ್ದ, ಎಷ್ಟು ದಿನ ಇದ್ದ, ಮ್ಯಾಜಿಸ್ಟ್ರೇಟರು ಅವನ ಮುಖ ನೋಡಿದರೇ ಎಂದು ಹುಡುಕುತ್ತೇನೆ. ಹೆಚ್ಚಿನ ವರದಿಗಳಲ್ಲಿ ಅದು ಇರುವುದಿಲ್ಲ. ಇಲ್ಲದಿದ್ದರೆ ಆ ಸುದ್ದಿಯನ್ನು ಇನ್ನೊಬ್ಬರಿಗೆ ಹೇಳುವುದಿಲ್ಲ. 2003ರ ಫೆಬ್ರವರಿಯ ಆ ರಾತ್ರಿ, ಊಟದ ತಟ್ಟೆ ಹಿಡಿದುಕೊಂಡು, ಆರು ಮಂದಿ ಗೆಳೆಯರೊಡನೆ ನಾನು ವಾದಿಸಿ ಗೆದ್ದಿದ್ದೆ. ಆ ಗೆಲುವು ನನಗೆ ಇನ್ನೂ ನಾಚಿಕೆ ತರುತ್ತದೆ.